ಹಾಲ್ಕಾನು ಗೇಟಿನಲ್ಲಿ ಉಳಿದ ಹಾರ್ನ್

ಮೊದಲ ದಿನವೇ ಆ ಮನುಷ್ಯ ನನ್ನ ಹಾರ್ನ್ ಇಸಿದುಕೊಂಡ.

ಜಗಳವೇನೂ ಆಗಲಿಲ್ಲ. ಅವನು ಕೈ ಚಾಚಿದ, ನಾನು ಕೊಟ್ಟೆ. ಯಾಕೆ ಕೊಟ್ಟೆ ಎಂದು ಇವತ್ತಿಗೂ ಗೊತ್ತಿಲ್ಲ. ನಾನು ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಭಟ್ಕಳ ಬಂದರದಲ್ಲಿ ಬೆಳಗಿನ ಐದು ಗಂಟೆಗೆ ಗಂಡಸರ ನಡುವೆ ನುಗ್ಗಿ ಮೀನಿನ ಬುಟ್ಟಿ ಹರಾಜು ಹಿಡಿಯುವವಳು. ಅಂಥವಳು ಖಾಕಿ ಹಾಕಿದ ಒಬ್ಬ ಸಪೂರ ಹುಡುಗ ಕೈ ಚಾಚಿದ ಕೂಡಲೇ ಅಪ್ಪನ ಕಾಲದ ಹಾರ್ನನ್ನು ಬಿಚ್ಚಿ ಕೊಟ್ಟುಬಿಟ್ಟೆ.

ಹಾಲ್ಕಾನು ಘಟ್ಟದ ಮೇಲಿನ ಸಣ್ಣ ಪೇಟೆ. ಕಡಲತಡಿಯ ಬೆಳಕೆ ಊರಿನ ನಮ್ಮ ಮನೆಯಿಂದ ನನ್ನ ಗೂಡ್ಸ್ ರಿಕ್ಷಾದಲ್ಲಿ ಎರಡು ತಾಸು. ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರೆಲ್ಲ ಅದೇ ಊರನ್ನು ದಾಟಬೇಕು. ಒಂದೇ ರಸ್ತೆ, ನಾಲ್ಕು ಲಾಡ್ಜು, ಜೀಪ್ ಸ್ಟ್ಯಾಂಡು, ಗೈಡುಗಳು ಕೂರುವ ತಗಡಿನ ಮಾಡು. ಶನಿವಾರ ಬಂತೆಂದರೆ ಬಣ್ಣಬಣ್ಣದ ರೇನ್‌ಕೋಟು ಹಾಕಿದ ಸಿಟಿಯವರು ಬಂದು "ಮಂಜು ಎಷ್ಟು ಗಂಟೆಗೆ ಬರುತ್ತೆ?" ಎಂದು ಕೇಳುತ್ತಾರೆ, ಮಂಜು ಸರ್ಕಾರಿ ಬಸ್ಸೇನೋ ಎನ್ನುವಂತೆ. ರಸ್ತೆಯ ಕೊನೆಯಲ್ಲಿ ಗೇಟು. ಗೇಟಿನ ಆಚೆ ಕಾಡು, ಕಾಡಿನೊಳಗೆ ಹಿಂದಿನಿಂದಲೂ ಇರುವ ಮೂರು ಕೇರಿಗಳು. ಅಲ್ಲಿನವರು ನನ್ನ ಗಿರಾಕಿಗಳು.

"ಇಲ್ಲಿಂದ ಮುಂದೆ ಶಬ್ದ ಮಾಡುವಂತಿಲ್ಲ," ಅಂದ ಗೇಟಿನವನು. ಬೋರ್ಡು ತೋರಿಸಿದ. ಶಬ್ದ ನಿಷೇಧಿತ ವಲಯ.

"ಹಾರ್ನ್ ಹೊಡೀದೆ ಮೀನು ಮಾರೂದು ಹೆಂಗೆ? ಮೀನು ತಾನೇ ಕೂಗ್ತದಾ?"

"ಕೂಗಿದ್ರೆ ಅದನ್ನೂ ಇಲ್ಲೇ ಇಟ್ಟು ಹೋಗಬೇಕಾಗ್ತದೆ."

ಮುಖದಲ್ಲಿ ನಗುವೇ ಇಲ್ಲ. ತಮಾಷೆ ಮಾಡಿದನೋ, ಕಾನೂನು ಹೇಳಿದನೋ? ನನ್ನ ಗೊಂದಲ ಶುರುವಾದದ್ದು ಆ ಕ್ಷಣದಲ್ಲಿ. ಎದೆಯ ಮೇಲಿನ ಪಟ್ಟಿಯಲ್ಲಿ ಮಹಾಬಲೇಶ್ವರ ಎಂದಿತ್ತು. ಊರಿನವರು ಮಾಬ್ಲ ಅನ್ನುತ್ತಿದ್ದರು.

"ಹೋಗುವಾಗ ತಗೊಳ್ಳಿ," ಅಂದು ಹಾರ್ನನ್ನು ತನ್ನ ಮೇಜಿನ ಮೇಲೆ, ರಿಜಿಸ್ಟರಿನ ಪಕ್ಕದಲ್ಲಿ ಇಟ್ಟುಕೊಂಡ. ರಬ್ಬರಿನ ಗುಂಡು, ಹಿತ್ತಾಳೆಯ ಬಾಯಿ. ಅಪ್ಪ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದಾಗ ಅದನ್ನೇ ಒತ್ತುತ್ತಿದ್ದ. ಎರಡು ಉದ್ದ, ಒಂದು ಗಿಡ್ಡ. ಗೇಟಿನವರೆಗೆ ನಾನೂ ಹಾಗೇ ಒತ್ತುತ್ತ ಬರುತ್ತೇನೆ. ಆ ಸದ್ದಿಗೆ ನಮ್ಮ ಕಡೆಯ ಹೆಂಗಸರು ಒಲೆಯ ಮೇಲಿನದನ್ನು ಒಲೆಯ ಮೇಲೇ ಬಿಟ್ಟು ಪಾತ್ರೆ ಹಿಡಿದು ಹೊರಗೆ ಬರುತ್ತಾರೆ.

ಒಳಗಿನ ಕೇರಿಗಳಲ್ಲಿ ಆ ವಾರ ಅರ್ಧ ಮೀನು ಮಾರಾಟವಾಗಲಿಲ್ಲ. ನಾನು ಬಂದದ್ದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಗೇಟಿನವನನ್ನು ಘಟ್ಟ ಇಳಿಯುವವರೆಗೂ ಬೈದುಕೊಂಡೆ. ಮುಂದಿನ ವಾರ ನೋಡಿದರೆ ಮೂರೂ ಕೇರಿಗಳಲ್ಲಿ ಹೆಂಗಸರು ನನಗಿಂತ ಮೊದಲೇ ಪಾತ್ರೆ ಹಿಡಿದು ನಿಂತಿದ್ದರು.

"ಹತ್ತೂವರೆಗೆ ಮೀನು ಬತ್ತದೆ ಅಂತ ಗೇಟಿನ ಮಾಬ್ಲ ಹೇಳ್ಕಂಡು ಹೋದ," ಅಂದಳು ಮೊದಲ ಕೇರಿಯ ಮಾದಿ. "ಬೆಳಿಗ್ಗೆ ಕಾಡು ಸುತ್ತೂಕೆ ಬತ್ನಲ್ಲ, ಆವಾಗ ಮನೆಮನೆಗೆ ಹೇಳ್ದ."

ವಾಪಸು ಬರುವಾಗ ಅವನು ಹಾರ್ನಿನ ಜೊತೆ ಒಂದು ಚೀಟಿಯನ್ನೂ ಕೊಟ್ಟ. ಯಾವ ಮನೆಯವರು ಸೋಮವಾರ ಮೀನು ಮುಟ್ಟುವುದಿಲ್ಲ, ಯಾರಿಗೆ ಶನಿವಾರ ಆಗುವುದಿಲ್ಲ, ಯಾರಿಗೆ ಸಂಕಷ್ಟಿ. ಮುತ್ತಿನಂಥ ಅಕ್ಷರ. ನಾನು ಥ್ಯಾಂಕ್ಸ್ ಹೇಳಬೇಕಿತ್ತು.

"ನಿಮಗೆ ಬೇರೆ ಕೆಲಸ ಇಲ್ವಾ?" ಅಂದೆ.

"ಇದೆ," ಅಂದ. ಕಿವಿ ಮಾತ್ರ ಕೆಂಪಾಗಿತ್ತು.

*

ನವೆಂಬರಿನಲ್ಲಿ ಒಂದು ದಿನ ಅವನೂ ಮೀನು ಕೇಳಿದ.

"ನಾಲ್ಕು. ಸಣ್ಣದು. ಇಡೀ ಇರಲಿ, ಕೊಯ್ಯೋದು ಬೇಡ."

ತಾರ್ಲೆ ಕೊಟ್ಟೆ. ಬಾಲವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಬಂಗುಡೆ ಚೆನ್ನಾಗಿದೆ," ಅಂದ. ತಾರ್ಲೆಗೂ ಬಂಗುಡೆಗೂ ವ್ಯತ್ಯಾಸ ಗೊತ್ತಿಲ್ಲದವನನ್ನು ಕಂಡು ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಅವನು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಎಡಗಡೆಯ ಒಂದು ಹಲ್ಲು ಸ್ವಲ್ಪ ಓರೆ. ಘಟ್ಟ ಇಳಿಯುವಾಗ ಏಳನೇ ತಿರುವಿನಲ್ಲಿ ಆ ಹಲ್ಲು ನೆನಪಾಗಿ ನಗು ಬಂತು, ಎಂಟನೇ ತಿರುವಿನಲ್ಲಿ ನಗು ನಿಂತಿತು.

ಯಾಕೆಂದರೆ ನಮ್ಮ ಕಸುಬಿನಲ್ಲಿ ಒಂದು ಲೆಕ್ಕವಿದೆ. ಮೀನನ್ನು ಕೊಯ್ಯಿಸಿ, ತೊಳೆಸಿ ಒಯ್ಯುವವನು ಒಂಟಿ ಗಂಡಸು. ಇಡೀ ಮೀನು ಒಯ್ಯುವವನ ಮನೆಯಲ್ಲಿ ಕತ್ತಿಮಣೆಯ ಮುಂದೆ ಕೂರುವ ಹೆಂಗಸಿದ್ದಾಳೆ. ಅಪ್ಪ ನನಗೆ ಮೊದಲು ಕಲಿಸಿದ ಪಾಠವೇ ಇದು. ಈ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಸರಿ, ಮದುವೆಯಾಗಿದೆ. ಆದರೆ ನನಗೇನು? ಅವನ ಹೆಂಡತಿಗೆ ಒಳ್ಳೆಯ ಮೀನೇ ಸಿಗಲಿ ಎಂದು ದಿನವೂ ಹೊಳಪು ಕಣ್ಣಿನ ನಾಲ್ಕು ಆರಿಸಿ ತೆಗೆದಿಟ್ಟೆ. ಆ ನಾಲ್ಕು ಮೀನನ್ನು ಬೇರೆ ಯಾರು ಕೇಳಿದರೂ ಕೊಡಲಿಲ್ಲ. ಇದಕ್ಕೆ ಏನು ಹೆಸರು ಎಂದು ನನ್ನನ್ನು ಕೇಳಬೇಡಿ.

ಕಷ್ಟವಾದದ್ದು ಅವನ ನೋಟ. ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಯುವಾಗ ತಲೆ ಎತ್ತುತ್ತಿದ್ದ. ಎಂಟು ತಿಂಗಳಿಂದ ಗೊತ್ತಿರುವ ಹೆಸರನ್ನು ಬರೆಯಲು ತಲೆ ಎತ್ತಬೇಕೇ? ನಾನು ಗೇಟು ದಾಟಿ ತಿರುವು ಮರೆಯಾಗುವವರೆಗೂ ಅವನು ನಿಂತಿರುತ್ತಿದ್ದುದು ಸೈಡ್ ಮಿರರ್‌ನಲ್ಲಿ ಕಾಣುತ್ತಿತ್ತು. ಒಮ್ಮೆ ಹಾರ್ನನ್ನು ವಾಪಸು ಕೊಡುವಾಗ ಹಿತ್ತಾಳೆಯ ಬಾಯಿ ಪಳಪಳ ಹೊಳೆಯುತ್ತಿತ್ತು. ಹುಣಿಸೆಹಣ್ಣು ಹಾಕಿ ತಿಕ್ಕಿದ್ದ.

"ಇದೆಂತಕ್ಕೆ?"

"ಸುಮ್ನೆ. ಟೈಮ್ ಇತ್ತು."

ಮನೆಯಲ್ಲಿ ಹೆಂಡತಿಯ ಪಾತ್ರೆ ತಿಕ್ಕಿಕೊಡಬೇಕಾದ ಗಂಡಸು ನನ್ನ ಹಾರ್ನ್ ಯಾಕೆ ತಿಕ್ಕಬೇಕು? ಸಿಟ್ಟು ಬಂತು. ಅವನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಮರುದಿನ ಬೇಕೆಂದೇ ಸ್ವಲ್ಪ ಬಾಡಿದ ಮೀನು ಕೊಟ್ಟೆ. ಆ ರಾತ್ರಿ ಅದಕ್ಕಾಗಿ ನನಗೇ ಬೇಜಾರಾಯಿತು.

*

ಮೇ ತಿಂಗಳ ಕೊನೆಯ ವಾರ ಅಮ್ಮ ಮಾತು ತೆಗೆದಳು. ನನ್ನ ಅಮ್ಮ ಕಮಲಿ ಸುತ್ತಿ ಬಳಸಿ ಮಾತಾಡುವವಳಲ್ಲ.

"ಹೊನ್ನಾವರದ ವಿಶಾಲನ ಮನೆಯವ್ರು ಕೇಳ್ತಾ ಇದ್ದಾರೆ. ಎರಡು ಬೋಟು, ಒಬ್ಬನೇ ಮಗ, ಕುಡಿಯೂದಿಲ್ಲ. ಆಯ್ತಾರದೊಳಗೆ ಹೂಂ ಅಥವಾ ಉಹೂಂ, ಎಂತಾರೂ ಒಂದು ಹೇಳು."

"ಎಂತ ಅವಸರ?"

"ಎರಡು ತಿಂಗಳು ಬೋಟು ಮೇಲೆ. ಮದುವೆ ಮಾತು ಆಡೂಕೆ ಬಿಡುವು ಇಪ್ಪೂದು ಈಗಲೇ. ನಿಂಗೆ ಇಪ್ಪತ್ತೇಳು ಆತು."

ಅಮ್ಮ ಹೇಳಿದ್ದು ನಿಜ. ಜೂನ್ ಒಂದರಿಂದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಲ್ಕಾನಿನ ಗೇಟಿಗೂ ಮಳೆಗಾಲದಲ್ಲಿ ಬೀಗ. ಕೇರಿಯವರ ಓಡಾಟಕ್ಕಷ್ಟೇ ಸಣ್ಣ ಬಾಗಿಲು. ಮೇ ಮೂವತ್ತೊಂದು, ಶನಿವಾರ, ನನ್ನ ಮೀನಿಗೂ ಕೊನೆಯ ದಿನ, ಅವನ ಗೇಟಿಗೂ ಕೊನೆಯ ದಿನ. ಆಮೇಲೆ ಘಟ್ಟ ಹತ್ತಲು ನನಗೆ ಯಾವ ಕಾರಣವೂ ಇರಲಿಲ್ಲ.

ವಿಶಾಲನನ್ನು ಎರಡು ಸಲ ನೋಡಿದ್ದೆ. ಒಳ್ಳೆಯವನು. ಬಂದರದಲ್ಲಿ ನನ್ನ ಬುಟ್ಟಿ ಎತ್ತಿಕೊಡಲು ಬಂದಿದ್ದ. ನಾನೇ ಎತ್ತುತ್ತೇನೆ ಅಂದಾಗ ಬೇಸರಪಡದೆ ದಾರಿ ಬಿಟ್ಟಿದ್ದ. ಬೇಡ ಅನ್ನಲು ಒಂದು ಕಾರಣ ಹುಡುಕಿ ಹುಡುಕಿ ಸುಸ್ತಾದೆ. ಹುಡುಕಿದಾಗೆಲ್ಲ ಸಿಗುತ್ತಿದ್ದದ್ದು ಒಂದು ಓರೆ ಹಲ್ಲು. ಮದುವೆಯಾದವನ ಹಲ್ಲು.

*

ಶುಕ್ರವಾರ ಹಾಲ್ಕಾನಿನಲ್ಲಿ ಮಂಜು ದಟ್ಟವಾಗಿತ್ತು. ಹಾರ್ನನ್ನು ಮೇಜಿನ ಮೇಲಿಟ್ಟು, ಮಾಬ್ಲನ ಮುಖ ನೋಡದೆ ಒಳಗೆ ಹೋಗಿ ಮೀನು ಮಾರಿ ಬಂದೆ. ಗೇಟಿನ ಪಕ್ಕದಲ್ಲಿ ದೇವಿ ಅಕ್ಕನ ಕ್ಯಾಂಟೀನು. ಚಹಾ ಕೇಳಿದೆ.

ಗೈಡುಗಳು ಸಾಲಾಗಿ ಕೂತು ಮೀನು ಸಾರು, ಅನ್ನ ಉಣ್ಣುತ್ತಿದ್ದರು. ಅವರಲ್ಲೊಬ್ಬ ದೇವು. ನನ್ನನ್ನು ಕಂಡದ್ದೇ, "ನಾಡಿದ್ದಿನಿಂದ ನಮಗೆ ಉಪವಾಸ ಅಲ್ವಾ ದೇವಿ ಅಕ್ಕ? ಮಾಬ್ಲನ ಮೀನು ನಿಂತು ಹೋತದೆ," ಅಂದ.

"ಮಾಬ್ಲನ ಮೀನಾ?" ಅಂದೆ.

ಸುಮ್ಮನಿರು ಎಂದು ದೇವಿ ಅಕ್ಕ ಅವನಿಗೆ ಕಣ್ಸನ್ನೆ ಮಾಡಿದಳು. ತಡವಾಗಿತ್ತು.

"ಅವ್ರ ಹೆಂಡತಿ ಮೀನು ಬೇಡ ಅಂತದಾ?" ಕೇಳಿದೆ. ದನಿ ಆದಷ್ಟು ಸಾದಾ ಇರಲಿ ಎಂದು ನೋಡಿದೆ. ಆಗಲಿಲ್ಲ.

"ಯಾರ ಹೆಂಡತಿ?" ದೇವಿ ಅಕ್ಕ ಸೌಟು ಕೆಳಗಿಟ್ಟಳು. "ಅವನಿಗೆಲ್ಲಿ ಮದುವೆ ಆಗಿದೆ ಮಾರಾಯ್ತಿ? ಅವನು ಮೀನೂ ತಿನ್ನೂದಿಲ್ಲ. ಯಾಣದ ಕೆಳಗಿನ ಹಳ್ಳಿಯವ, ಅವ್ರ ಮನೇಲಿ ಮೀನಿನ ಹೆಸರೂ ಹೇಳೂದಿಲ್ಲ. ಮೂರು ತಿಂಗಳಾತು, ದಿನಾ ನಿನ್ನ ಹತ್ರ ತಗಂಡು ನಿನ್ನ ಗಾಡಿ ಮರೆ ಆದ ಕೂಡ್ಲೆ ಇಲ್ಲಿ ತಂದು ಕೊಡ್ತ. ಬಾಲ ಹಿಡ್ಕಂಡು, ಮುಖ ಆಚೆ ತಿರುಗ್ಸ್ಕಂಡು."

ಗೈಡುಗಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪನ ಲೆಕ್ಕ ತಪ್ಪಿದ್ದಕ್ಕೆ ಸಂತೋಷಪಡಬೇಕೋ, ಇಡೀ ಊರು ಬಲ್ಲ ಸಂಗತಿ ನನಗೊಬ್ಬಳಿಗೆ ಗೊತ್ತಿಲ್ಲದ್ದಕ್ಕೆ ನಾಚಬೇಕೋ? ಎರಡೂ ಒಟ್ಟಿಗೆ ಬಂದು ಸಿಟ್ಟಾಯಿತು. ಹರಾಜಿನಲ್ಲಿ ಜಗಳಾಡಿ ತಂದ ಮೀನು. ಅದರೊಳಗಿಂದ ಆರಿಸಿದ ನಾಲ್ಕು. ಅದನ್ನು ಮುಖ ತಿರುಗಿಸಿ ಯಾರಿಗೋ ಕೊಡುವುದೇ?

ಚಹಾ ಅಲ್ಲೇ ಬಿಟ್ಟು ಗೇಟಿಗೆ ಹೋದೆ.

"ನವೆಂಬರಿಂದ ಮೀನು ತಗಂಡ್ರಲ್ಲ, ಯಾರಿಗೆ?"

ಅವನು ಪೆನ್ನು ಕೆಳಗಿಟ್ಟ. ಕ್ಯಾಂಟೀನಿನ ಕಡೆ ನೋಡಿದ, ನನ್ನ ಕಡೆ ನೋಡಿದ.

"ಬನ್ನಿ," ಅಂದ.

ಗೇಟಿನ ಹಿಂದೆ ಅವನ ಕ್ವಾರ್ಟರ್ಸು. ಹಿಂಬದಿಯ ಕಟ್ಟಿಗೆ ಕೋಣೆಯ ಬಾಗಿಲು ತೆರೆದ. ಗೋಡೆಯಿಂದ ಗೋಡೆಗೆ ಅಡ್ಡ ಕಟ್ಟಿದ ಒಂದು ಮರದ ಕೊಂಬೆ, ಕೆಳಗೆ ನೀರಿನ ಬೋಗುಣಿ. ಮೂಲೆಯಲ್ಲಿ ಕಂದು ಬಣ್ಣದ ಒಂದು ಉದ್ದ ಗರಿ.

"ಮೀನುಗೂಬೆ," ಅಂದ. "ಟೂರಿಸ್ಟ್ ಗಾಡಿ ಬಡಿದು ರೆಕ್ಕೆ ಮುರಿದಿತ್ತು. ಡಾಕ್ಟರು ದಿನಾ ತಾಜಾ ಮೀನು ಹಾಕಿ ಅಂದ್ರು, ಇಡೀದೇ ಹಾಕಬೇಕು ಅಂದ್ರು. ಮನೇಲಿ ಗೂಬೆ ಇಟ್ಟಿದ್ದೇನೆ ಅಂತ ಊರಿಗೆ ಗೊತ್ತಾದ್ರೆ ಅಪಶಕುನ ಅಂತ ಓಡಿಸ್ತಿದ್ರು. ಅದಕ್ಕೇ ಯಾರಿಗೂ ಹೇಳಲಿಲ್ಲ."

ನಾನು ಗರಿಯನ್ನೇ ನೋಡುತ್ತ ನಿಂತೆ. ಎಷ್ಟು ತಿಂಗಳು ನಾನು ಹೊಟ್ಟೆ ಉರಿದುಕೊಂಡದ್ದು ಒಂದು ಗೂಬೆಯ ಮೇಲೆ. ಅವನ ಹೆಂಡತಿ ಹೇಗಿರಬಹುದು, ನನಗಿಂತ ಬೆಳ್ಳಗಿರಬಹುದೇ, ಮೀನನ್ನು ಹುಳಿ ಹಾಕಿ ಮಾಡುತ್ತಾಳೋ ಹುರಿಯುತ್ತಾಳೋ ಎಂದೆಲ್ಲ ಯೋಚಿಸಿದ್ದೆ.

"ಅದು ಎಲ್ಲಿ ಈಗ?"

"ಹಾರಿ ಹೋಯ್ತು. ಶಿವರಾತ್ರಿ ಆದ ಮರುವಾರ. ಹೊಳೆ ಹತ್ತಿರ ಬಿಟ್ಟು ಬಂದೆ."

"ಶಿವರಾತ್ರಿ ಕಳೆದು ಮೂರು ತಿಂಗಳಾತು."

"ಹೂಂ."

"ಮತ್ತೆ ಈ ಮೂರು ತಿಂಗಳು ಎಂತಕ್ಕೆ ತಗಂಡ್ರಿ?"

ಬಾಯಿ ತೆರೆದ. ಕಿವಿ ಕೆಂಪಾದವು. ಅಷ್ಟು ಹೊತ್ತು ಆಫೀಸಿನ ಕನ್ನಡ ಮಾತಾಡಿದವನು ನೆಲ ನೋಡುತ್ತ, "ನಿಲ್ಲಿಸಲೆ ಆತಿಲ್ಲೆ," ಅಂದ. ಅದು ಅವನ ಮನೆಯ ಮಾತು. ಅವನ ಬಾಯಲ್ಲಿ ನಾನು ಕೇಳಿದ್ದು ಮೊದಲ ಸಲ.

ಅಷ್ಟರಲ್ಲಿ ಗೇಟಿನ ಹೊರಗೆ ಮೂರು ಕಾರು ಬಂದು ನಿಂತವು. "ಸರ್, ಕ್ಯೂಆರ್ ಸ್ಕ್ಯಾನ್ ಆಗ್ತಿಲ್ಲ," ಎಂದು ಯಾರೋ ಕರೆದರು. ಅವನು ಆ ಕಡೆ ನೋಡಿದ. ಹೋಗಲೋ ನಿಲ್ಲಲೋ ಎಂದು ಅವನಿಗೂ ತಿಳಿಯುತ್ತಿರಲಿಲ್ಲ.

ನಾನು ತಡೆದುಕೊಳ್ಳಲಿಲ್ಲ. "ನಂಗೆ ಸಂಬಂಧ ಬಂದಿದೆ. ಹೊನ್ನಾವರದ್ದು. ಆಯ್ತಾರದೊಳಗೆ ಉತ್ತರ ಹೇಳಬೇಕು."

ಕಾರುಗಳಿಗೆ ಬೆನ್ನು ತಿರುಗಿಸಿದ. ಆಮೇಲೆ ಕೇಳಿದ, "ಹುಡುಗ ಒಳ್ಳೆಯವನಾ?"

ಇಂಥ ಪ್ರಶ್ನೆಗೆ ಏನು ಮಾಡಬೇಕು? ಕೈಯಲ್ಲಿ ಮೀನಿದ್ದಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ.

"ಒಳ್ಳೆಯವನೇ," ಅಂದೆ. "ಇಡೀ ಮೀನು ತಿಂತ."

ರಿಕ್ಷಾ ಹತ್ತಿ ಹೊರಟುಬಿಟ್ಟೆ. ಮಿರರ್ ನೋಡಬಾರದು ಎಂದುಕೊಂಡು ನೋಡಿದೆ. ಮಂಜಿನಲ್ಲಿ ಏನೂ ಕಾಣಲಿಲ್ಲ. ಅರ್ಧ ಘಟ್ಟ ಇಳಿದ ಮೇಲೆ ನೆನಪಾಯಿತು, ಹಾರ್ನ್ ಅವನ ಮೇಜಿನ ಮೇಲೇ ಉಳಿದಿತ್ತು.

*

ಶನಿವಾರ ಘಟ್ಟದ ಮೇಲೆ ಮೀನು ಕೊಳ್ಳುವವರು ಕಡಿಮೆ. ಆದರೂ ಮಳೆಗಾಲಕ್ಕೆ ಒಣಮೀನು ಕೇಳಿದವರಿದ್ದರು. ಅದೇ ನೆಪ ಮಾಡಿಕೊಂಡು ಹೊರಟೆ. ಹಾರ್ನ್ ತರಬೇಕಲ್ಲ ಎಂದು ಅಮ್ಮನಿಗೆ ಹೇಳಿದೆ. ಹಳೆಯ ನೀಲಿ ಚೂಡಿದಾರ ಬಿಟ್ಟು ಹಳದಿಯದನ್ನು ಹಾಕಿಕೊಂಡದ್ದಕ್ಕೆ ಅವಳು ಕಾರಣ ಕೇಳಲಿಲ್ಲ.

ಘಟ್ಟ ಹತ್ತುತ್ತ ಮಾತು ಜೋಡಿಸಿಕೊಂಡೆ. ಹೀಗೆ ಕೇಳುತ್ತೇನೆ, ಹೀಗೆ ಅಂದರೆ ಹೀಗೆ ಹೇಳುತ್ತೇನೆ. ಹೇಳದೆ ಬಿಟ್ಟರೆ ನಾನೇ ಹೇಳುತ್ತೇನೆ, ನನಗೇನು ಬಾಯಿಲ್ಲವೇ?

ಗೇಟಿನಲ್ಲಿ ಮಾಬ್ಲ ಇರಲಿಲ್ಲ. ಅವನ ಕುರ್ಚಿಯಲ್ಲಿ ಅಜಯ ಎಂಬ ಇನ್ನೊಬ್ಬ ವಾಚರ್ ಕೂತು ಮೊಬೈಲು ನೋಡುತ್ತಿದ್ದ.

"ಮಾಬ್ಲನಾ? ರಜೆ. ನಿನ್ನೆ ಸಂಜೆ ಊರಿಗೆ ಹೋದ."

"ಎಂತ ಕೆಲಸ?"

"ಗೊತ್ತಿಲ್ಲ. ಎಂಟು ತಿಂಗಳಲ್ಲಿ ಒಂದಿನ ರಜೆ ಕೇಳಿದವನಲ್ಲ. ನಿನ್ನೆ ಒಮ್ಮೆಲೆ ಹೊರಟ."

ಮೇಜಿನ ಮೇಲೆ ರಿಜಿಸ್ಟರಿತ್ತು, ಪೆನ್ನಿತ್ತು. ಹಾರ್ನ್ ಇರಲಿಲ್ಲ. ಅಜಯ ಡ್ರಾಯರ್ ತೆಗೆದು ನೋಡಿದ, ಕುರ್ಚಿಯ ಕೆಳಗೆ ನೋಡಿದ. ಎಲ್ಲೂ ಇಲ್ಲ.

ಓಡಿ ಹೋದನೋ? ನಾನು ಬಂದು ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆಂದು ಹೆದರಿದನೋ? ಅಥವಾ ಮೀನು ಮಾರುವವಳಿಗೆ ಆಸೆ ಹುಟ್ಟಿಸಿಬಿಟ್ಟೆ ಎಂದು ನಾಚಿಕೆಯಾಯಿತೋ? ಒಂದಾದ ಮೇಲೆ ಒಂದು ಯೋಚನೆ. ಒಣಮೀನಿನ ಕಟ್ಟುಗಳನ್ನು ಮಾದಿಗೆ ಕೊಟ್ಟು ಹಂಚಲು ಹೇಳಿದೆ. ಅವಳು ನನ್ನ ಹಳದಿ ಚೂಡಿದಾರ ನೋಡಿದಳು, ಮುಖ ನೋಡಿದಳು. ಒಂದು ಹಲಸಿನ ಹಣ್ಣನ್ನು ಗಾಡಿಯಲ್ಲಿಟ್ಟಳು.

ಇಳಿಯುವಾಗ ಅತ್ತೆ. ಗಾಡಿ ನಿಲ್ಲಿಸದೆ ಅತ್ತೆ, ಘಟ್ಟದಲ್ಲಿ ನಿಲ್ಲಿಸಿದರೆ ಹಿಂದಿನ ಬಸ್ಸಿನವರು ಬೈಯುತ್ತಾರೆ. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ಎರಡರಲ್ಲಿ ಒಂದನ್ನು ಹೇಳಿ ಹೋಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

*

ಭಾನುವಾರ ಬೆಳಿಗ್ಗೆ ಜೋರು ಮಳೆ. ಬೋಟುಗಳೆಲ್ಲ ದಡಕ್ಕೆ ಬಂದು ಕೇರಿಯಲ್ಲಿ ಗಂಡಸರೆಲ್ಲ ಮನೆಯಲ್ಲಿದ್ದರು. ಹತ್ತು ಗಂಟೆಗೆ ಅಮ್ಮ ಫೋನು ತಂದು ನನ್ನ ಕೈಯಲ್ಲಿಟ್ಟಳು.

"ವಿಶಾಲ ಲೈನಲ್ಲಿ ಇದ್ದಾನೆ. ನಿನ್ನ ಉತ್ತರ ನೀನೇ ಹೇಳು. ನಾ ನಡುವೆ ಬತ್ತಿಲ್ಲ."

ಹೂಂ ಅಂದರೆ ಎಲ್ಲ ಸುಲಭ. ಹೂಂ ಅನ್ನಲು ಬಾಯಿ ತೆರೆದೆ. ತಿಕ್ಕಿ ಹೊಳಪು ಮಾಡಿದ ಹಿತ್ತಾಳೆ ಕಣ್ಣೆದುರು ಬಂತು.

"ನಂಗೆ ಆಗೂದಿಲ್ಲ," ಅಂದೆ. "ನಿಮ್ಮಲ್ಲಿ ಎಂತ ತಪ್ಪೂ ಇಲ್ಲ."

ಅವನು ನೇರವಾಗಿ ಕೇಳಿದ, "ಬೇರೆ ಯಾರಾದ್ರೂ ಇದ್ದಾರಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಅವ್ರು ಇದ್ದಾರೋ ಇಲ್ವೋ ನಂಗೆ ಗೊತ್ತಿಲ್ಲ. ನಾ ಮಾತ್ರ ಇದ್ದೇನೆ."

"ಆತು," ಅಂದ ವಿಶಾಲ. ದನಿಯಲ್ಲಿ ಬೇಸರವಿತ್ತು, ಸಿಟ್ಟಿರಲಿಲ್ಲ. "ಬೇಗ ಗೊತ್ತು ಮಾಡ್ಕಳಿ. ನನ್ನಂಥವ್ರು ಇನ್ನೂ ಕೇಳ್ಕಂಡು ಬತ್ತಾರೆ."

ಫೋನು ವಾಪಸು ಕೊಟ್ಟೆ. ಅಮ್ಮ ಒಳಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತಳು. ತುರಿಯುವ ಸದ್ದು ಮಾತ್ರ ಜೋರಾಗಿತ್ತು. ಒಳ್ಳೆಯ ಸಂಬಂಧವನ್ನು ನಾನೇ ಕೈಯಾರೆ ಕಳೆದಿದ್ದೆ, ಬದಲಿಗೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಪ್ಪನ ಹಾರ್ನ್ ಕೂಡ ಇರಲಿಲ್ಲ. ಆದರೂ ಎದೆ ಹಗುರಾಗಿತ್ತು, ಅದು ಯಾಕೆಂದೂ ಗೊತ್ತಾಗಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಮಳೆ ಸ್ವಲ್ಪ ಸಣ್ಣಗಾಯಿತು.

ಆಗ ಕೇಳಿಸಿತು. ಎರಡು ಉದ್ದ, ಒಂದು ಗಿಡ್ಡ.

ಅಮ್ಮನ ಕೈ ನಿಂತಿತು. ಪಕ್ಕದ ಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದೂ ತೆರೆಯಿತು. ಮೀನು ಹಿಡಿಯುವವರ ಕೇರಿಗೆ, ಬೋಟು ನಿಂತ ಮೊದಲ ದಿನವೇ, ಮೀನು ಮಾರಲು ಬಂದವರು ಯಾರು ಎಂದು ಹೆಂಗಸರೆಲ್ಲ ತಲೆಗೆ ಸೆರಗು ಹಾಕಿಕೊಂಡು ಹೊರಗೆ ಬಂದರು. ಕೆಲವರ ಕೈಯಲ್ಲಿ ಅಭ್ಯಾಸಬಲದಿಂದ ಪಾತ್ರೆಯೂ ಇತ್ತು.

ನನ್ನ ಕೈಯಲ್ಲೂ ಒಂದಿತ್ತು. ಯಾವಾಗ ಹಿಡಿದೆನೋ ತಿಳಿಯದು.

ರಸ್ತೆಯಲ್ಲಿ ಕೆಸರು ಮೆತ್ತಿದ ಒಂದು ಬೈಕು. ಪಕ್ಕದಲ್ಲಿ ಮಾಬ್ಲ ನಿಂತಿದ್ದ. ಖಾಕಿ ಇಲ್ಲ, ಬಿಳಿ ಅಂಗಿ ಮೈಗೆ ಅಂಟಿಕೊಂಡಿತ್ತು. ಕೈಯಲ್ಲಿ ನನ್ನ ಹಾರ್ನು. ಸುತ್ತ ಹತ್ತು ಹನ್ನೆರಡು ಹೆಂಗಸರು ಪಾತ್ರೆ ಹಿಡಿದು ನೋಡುತ್ತಿದ್ದರು. ಇಷ್ಟು ಜನ ಬರುತ್ತಾರೆಂದು ಅವನು ಎಣಿಸಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ಗಿರಾಕಿಗಳು ನನ್ನನ್ನು ದಿನವೂ ಕೇಳುವ ಪ್ರಶ್ನೆಯನ್ನು ನಾನು ಅವನಿಗೆ ಕೇಳಿದೆ. "ಎಂತ ಉಂಟು ಇವತ್ತು?"

"ಮೀನಿಲ್ಲೆ," ಅಂದ.

"ಮತ್ತೆ ಹಾರ್ನ್ ಎಂತಕ್ಕೆ ಹೊಡ್ದದ್ದು? ಶಬ್ದ ಮಾಡಬಾರದು ಅಂತಿದ್ರಿ."

"ಊರಿನ ಹೆಸರು ರಿಜಿಸ್ಟರಿನಲ್ಲಿತ್ತು, ನಿಮ್ಮ ಮನೆ ಯಾವುದು ಅಂತ ಗೊತ್ತಿತ್ತಿಲ್ಲೆ. ಇದನ್ನು ಹೊಡೆದ್ರೆ ಹೊರಗೆ ಬತ್ತಿ ಅಂತ ಗೊತ್ತಿತ್ತು."

ಹೆಂಗಸರ ನಡುವೆ ಯಾರೋ ಕಿಸಕ್ಕೆಂದರು. ನಾನು ಗಟ್ಟಿಯಾಗಿ ನಿಂತೆ.

"ನಿನ್ನೆ ಎಲ್ಲಿ ಹೋಗಿದ್ರಿ?"

"ಮನೆಗೆ. ಮೊದಲು ಅಲ್ಲಿ ಹೇಳಿ ಆಮೇಲೆ ನಿಮ್ಮ ಹತ್ತಿರ ಹೇಳವು ಅಂತ." ಆಫೀಸಿನ ಕನ್ನಡ ಒಂದು ಅಕ್ಷರವೂ ಉಳಿದಿರಲಿಲ್ಲ. "ಅಪ್ಪ ಮಾತು ಬಿಟ್ಟಿದ್ದ. ನಿನ್ನೆಯಿಂದ ಒಂದು ಮಾತಿಲ್ಲೆ. ಇವತ್ತು ಹೊರಡುವಾಗ ಆಯಿ ಒಂದೇ ಒಂದು ಕೇಳಿತು."

"ಎಂತ?"

"ಆ ಹುಡುಗಿ ಘಟ್ಟದಲ್ಲಿ ಗಾಡಿ ಜೋರು ಓಡಿಸ್ತಾ ಅಂತ."

ನಾನು ಕಂಡೇ ಇರದ ಅವನ ತಾಯಿಯ ಮೇಲೆ ನನಗೆ ಅಲ್ಲಿಯೇ ಪ್ರೀತಿ ಹುಟ್ಟಿತು. "ನೀವೆಂತ ಹೇಳಿದ್ರಿ?"

"ಜೋರೇ ಓಡಿಸ್ತು ಅಂದೆ. ಸಿಟ್ಟು ಬಂದ ದಿನ ಇನ್ನೂ ಜೋರು." ಮಳೆಹನಿ ಅವನ ಮೂಗಿನ ತುದಿಯಿಂದ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಗೂಬೆ ಹೋದ ಮೇಲೆ ಮೀನು ಯಾರಿಗೂ ಬೇಕಾಗಿತ್ತಿಲ್ಲೆ. ನಿಮ್ಮ ಗಾಡಿ ನನ್ನ ಮೇಜಿನ ಮುಂದೆ ಎರಡು ನಿಮಿಷ ನಿಲ್ಲಲಿ ಅಂತ ತಗಂಡಿದ್ದು. ಮೊನ್ನೆ ಹೇಳಲೆ ಬಂತಿಲ್ಲೆ. ಈಗ ಹೇಳ್ತೆ. ನಿಮ್ಮನ್ನು ಬಿಟ್ಟು ಇರಲೆ ಆಗ್ತಿಲ್ಲೆ. ಹೊನ್ನಾವರದವ್ರಿಗೆ ಉತ್ತರ ಕೊಟ್ಟಾಗಿದ್ರೆ ಹಾರ್ನ್ ಕೊಟ್ಟು ಹೋಗ್ತೆ."

"ಕೊಟ್ಟಾತು," ಅಂದೆ.

ಅವನ ಮುಖ ಸಣ್ಣದಾಯಿತು. ಹಾರ್ನನ್ನು ಮುಂದೆ ಚಾಚಿದ. ನಾನು ಅವನನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಬೇಕು ಎಂದುಕೊಂಡೆ. ಎಂಟು ತಿಂಗಳ ಗೊಂದಲಕ್ಕೆ ಅರ್ಧ ನಿಮಿಷವಾದರೂ ಬಡ್ಡಿ ಬೇಡವೇ? ಆದರೆ ನನಗೇ ತಡೆಯಲಾಗಲಿಲ್ಲ.

"ಬೇಡ ಅಂತ ಕೊಟ್ಟೆ," ಅಂದೆ. "ನೀವು ಬರೂಕಿಂತ ಮೊದ್ಲೇ."

ಓರೆ ಹಲ್ಲು ಕಾಣಿಸಿತು.

ಹಿಂದಿನಿಂದ ಅಮ್ಮನ ದನಿ ಬಂತು. "ಸುಚಿತಾ, ಅವ್ರನ್ನ ಮಳೇಲಿ ನಿಲ್ಸಬೇಡ, ಒಳಗೆ ಕರಿ." ತುಸು ಸಣ್ಣ ದನಿಯಲ್ಲಿ ಸೇರಿಸಿದಳು, "ಮನೇಲಿ ಮೀನು ಸಾರು ಬಿಟ್ರೆ ಎಂತೂ ಇಲ್ಲ. ಆ ಮಾದಿಯ ಹಲಸಿನ ಹಣ್ಣು ಕೊಯ್ಯಲಾ?"

ಮಾಬ್ಲ ಹಾರ್ನ್ ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಕಾಲಿಟ್ಟ. ಬಾಗಿಲಲ್ಲಿ ನಾನು ಅಡ್ಡ ನಿಂತು ಕೈ ಚಾಚಿದೆ.

"ಇಲ್ಲಿಂದ ಮುಂದೆ ಶಬ್ದ ಮಾಡುವಂತಿಲ್ಲ," ಅಂದೆ. "ಹಾರ್ನ್ ಇಲ್ಲೇ ಇಡಿ. ಹೋಗುವಾಗ ತಗೊಳ್ಳಿ."

"ಹೋಗೂದು ಇಲ್ಲೆ ಅಂದ್ರೆ?"

"ಅಂದ್ರೆ ಇಲ್ಲೇ ಇರ್ಲಿ."

ಅವನು ಕೊಟ್ಟ. ನಾನು ಅದನ್ನು ಅಪ್ಪನ ಫೋಟೋದ ಕೆಳಗಿನ ಮೊಳೆಗೆ ತೂಗುಹಾಕಿ, ಅವನಿಗೆ ತಲೆ ಒರೆಸಿಕೊಳ್ಳಲು ಟವೆಲ್ ತರಲು ಒಳಗೆ ಹೋದೆ.